ದವಡೆ ಹಿಡಿದುಕೊಳ್ಳುವುದು ಮತ್ತು ದವಡೆ ನೋವು: ಪದೇ ಪದೇ ಕೇಳುವ ಪ್ರಶ್ನೆಗಳು

ದವಡೆ ಲಾಕ್ ಆಗಿದೆ. ಮೊದಲು ಏನು ಗಮನಿಸಬೇಕು?

ಬಾಯಿ ತೆರೆಯಲು ಆಗುತ್ತಿಲ್ಲವೋ, ತೆರೆದ ಬಾಯಿಯನ್ನು ಮುಚ್ಚಲು ಆಗುತ್ತಿಲ್ಲವೋ, ಅದನ್ನು. ಎರಡಕ್ಕೂ ಜನ ‘ದವಡೆ ಹಿಡ್ಕೊಂಡಿದೆ’ ಎಂದೇ ಹೇಳುತ್ತಾರೆ. ಆದರೆ ಎರಡರ ಕಾರಣ ಬೇರೆ, ಅವಸರವೂ ಬೇರೆ. ತೆರೆದ ಬಾಯಿ ಮುಚ್ಚದಿದ್ದರೆ ಸಾಮಾನ್ಯವಾಗಿ ಕೀಲು ಜಾರಿದೆ ಎಂದು ಅರ್ಥ. ಅದನ್ನು ಕೆಲವು ಗಂಟೆಗಳೊಳಗೆ ಸರಿಪಡಿಸಬೇಕು. ತಡವಾದಷ್ಟೂ ಸ್ನಾಯುಗಳು ಸೆಟೆದುಕೊಂಡು ಕೂರಿಸುವುದು ಕಷ್ಟವಾಗುತ್ತದೆ. ಬಾಯಿ ಅರ್ಧಕ್ಕೇ ನಿಲ್ಲುತ್ತಿದ್ದು, ಜ್ವರ, ಊತ, ಪೆಟ್ಟು ಇವು ಯಾವುವೂ ಇಲ್ಲದಿದ್ದರೆ ಒಂದೆರಡು ದಿನದಲ್ಲಿ ವೈದ್ಯರನ್ನು ಕಂಡರೂ ಸಾಕು.

ಆಕಳಿಸಿದಾಗ ಬಾಯಿ ತೆರೆದೇ ಉಳಿಯಿತು. ಆಸ್ಪತ್ರೆ ತಲುಪುವ ತನಕ ಏನು ಮಾಡಲಿ?

ನೆಟ್ಟಗೆ ಕುಳಿತುಕೊಳ್ಳಿ. ಮಡಚಿದ ಬಟ್ಟೆಯನ್ನು ಗದ್ದದ ಕೆಳಗೆ ಇಟ್ಟು ಕೈಯಿಂದ ಆಧಾರ ಕೊಡಿ, ಆದರೆ ಮೇಲಕ್ಕೆ ಒತ್ತಬೇಡಿ. ಜೊಲ್ಲು ಸುರಿದರೆ ಸುರಿಯಲಿ, ಒರೆಸಿಕೊಳ್ಳಿ. ಏನನ್ನೂ ತಿನ್ನಬೇಡಿ, ಕುಡಿಯಬೇಡಿ. ಕೀಲು ಕೂರಿಸಲು ಮಂಪರು ಔಷಧ ಕೊಡಬೇಕಾಗಿ ಬಂದರೆ ಹೊಟ್ಟೆ ಖಾಲಿ ಇರುವುದು ಕ್ಷೇಮ.

ಮನೆಯವರು ಗದ್ದಕ್ಕೆ ಗುದ್ದುವುದು, ಬಲವಾಗಿ ಮುಚ್ಚಿಸಲು ನೋಡುವುದು ಬೇಡವೇ ಬೇಡ. ಕೆಳದವಡೆಯ ತುದಿ ಒಂದು ಮೂಳೆ ಉಬ್ಬನ್ನು ದಾಟಿ ಮುಂದೆ ಕುಳಿತಿರುತ್ತದೆ. ಕೆಳಗೆ ಇಳಿಸದೆ ಅದು ಹಿಂದಕ್ಕೆ ಬರುವುದಿಲ್ಲ. ಮೇಲಕ್ಕೆ ಒತ್ತಿದಷ್ಟೂ ಇನ್ನಷ್ಟು ಬಿಗಿಯಾಗಿ ಸಿಕ್ಕಿಕೊಳ್ಳುತ್ತದೆ.

ಒಂದೇ ಕಡೆ ಜಾರಿದ್ದರೆ ಗದ್ದ ಎದುರು ಕಡೆಗೆ ವಾಲಿರುತ್ತದೆ. ಎರಡೂ ಕಡೆ ಜಾರಿದ್ದರೆ ಗದ್ದ ಮುಂದಕ್ಕೆ ಚಾಚಿರುತ್ತದೆ. ಕಿವಿಯ ಮುಂದೆ ಬೆರಳಿಟ್ಟರೆ ಗುಳಿ ಸಿಗುತ್ತದೆ. ಬಿದ್ದು ಅಥವಾ ಪೆಟ್ಟು ಬಿದ್ದು ಹೀಗಾಗಿದ್ದರೆ ಮೂಳೆ ಮುರಿದಿರಬಹುದು, ಆದ್ದರಿಂದ ಮೊದಲು ಎಕ್ಸ್‌ರೇ ಅಥವಾ ಸಿ.ಟಿ. ಬೇಕು. ವಾಂತಿ ತಡೆಯುವ ಮೆಟೊಕ್ಲೋಪ್ರಮೈಡ್, ಮಾನಸಿಕ ಕಾಯಿಲೆಗೆ ಕೊಡುವ ಹ್ಯಾಲೊಪೆರಿಡಾಲ್ ಮುಂತಾದ ಔಷಧ ತೆಗೆದುಕೊಂಡ ಗಂಟೆಗಳಲ್ಲೋ ಒಂದೆರಡು ದಿನಗಳಲ್ಲೋ ದವಡೆ, ಕುತ್ತಿಗೆ, ಕಣ್ಣು ಸೊಟ್ಟಗೆ ಎಳೆದುಕೊಂಡರೆ ಅದನ್ನು ತಪ್ಪದೆ ಹೇಳಿ. ಅದು ಕೀಲಿನ ತೊಂದರೆಯಲ್ಲ, ಔಷಧದ ಪರಿಣಾಮ; ಅದಕ್ಕೆ ಬೇರೆ ಇಂಜೆಕ್ಷನ್ ಇದೆ, ಬೇಗ ಇಳಿಯುತ್ತದೆ.

ಆಸ್ಪತ್ರೆಯಲ್ಲಿ ಅದನ್ನು ಹೇಗೆ ಕೂರಿಸುತ್ತಾರೆ? ಮತ್ತೆ ಜಾರದಂತೆ ಏನು ಮಾಡಬೇಕು?

ವೈದ್ಯರು ಎರಡೂ ಹೆಬ್ಬೆರಳುಗಳಿಗೆ ಗಾಜ್ ಬಟ್ಟೆ ಸುತ್ತಿಕೊಂಡು ಕೆಳಗಿನ ದವಡೆ ಹಲ್ಲುಗಳ ಮೇಲೆ ಅಥವಾ ಅವುಗಳ ಪಕ್ಕದ ಎಲುಬಿನ ಮೇಲೆ ಇಡುತ್ತಾರೆ. ಉಳಿದ ಬೆರಳುಗಳು ಗದ್ದವನ್ನು ಕೆಳಗಿನಿಂದ ಹಿಡಿದಿರುತ್ತವೆ. ಮೊದಲು ಕೆಳಕ್ಕೆ ನಿಧಾನವಾಗಿ, ಬಿಡದೆ ಒತ್ತಿ, ಆಮೇಲೆ ಹಿಂದಕ್ಕೆ ತಳ್ಳುತ್ತಾರೆ. ಈ ಅನುಕ್ರಮವೇ ಮುಖ್ಯ. ಕೀಲು ಕುಳಿತ ಕ್ಷಣದಲ್ಲಿ ಹಲ್ಲುಗಳು ಪಟ್ಟನೆ ಕಚ್ಚಿಕೊಳ್ಳುವುದರಿಂದಲೇ ಬೆರಳಿಗೆ ಗಾಜ್. ಸ್ನಾಯು ತೀರಾ ಬಿಗಿದಿದ್ದರೆ ಮರಗಟ್ಟಿಸುವ ಇಂಜೆಕ್ಷನ್ ಅಥವಾ ಮಂಪರು ಕೊಡುತ್ತಾರೆ.

ಆಮೇಲಿನ ಎರಡು ಮೂರು ವಾರ ಎರಡು ಬೆರಳು ಅಗಲಕ್ಕಿಂತ ಹೆಚ್ಚು ಬಾಯಿ ತೆರೆಯಬಾರದು. ಆಕಳಿಕೆ ಬಂದಾಗ ಗದ್ದವನ್ನು ಎದೆಯ ಕಡೆಗೆ ಬಗ್ಗಿಸಿ, ಮುಷ್ಟಿಯನ್ನು ಗದ್ದದ ಕೆಳಗೆ ಕೊಟ್ಟು, ನಾಲಗೆಯನ್ನು ಅಂಗುಳಕ್ಕೆ ಒತ್ತಿಕೊಳ್ಳಿ. ಈ ಅಭ್ಯಾಸ ಜೀವನಪೂರ್ತಿ ಇದ್ದರೂ ಒಳ್ಳೆಯದೇ. ಪದೇ ಪದೇ ಜಾರುವವರಿಗೆ ಅವರದೇ ರಕ್ತವನ್ನು ಕೀಲಿನ ಸುತ್ತ ಚುಚ್ಚಿ ಕಟ್ಟುಗಳನ್ನು ಬಿಗಿಗೊಳಿಸುವ ವಿಧಾನವಿದೆ. ಅದಕ್ಕೂ ಬಗ್ಗದಿದ್ದರೆ ಮೂಳೆ ಉಬ್ಬಿನ ಶಸ್ತ್ರಚಿಕಿತ್ಸೆ.

ಯಾವ ಲಕ್ಷಣ ಕಂಡರೆ ತಡಮಾಡದೆ ಆಸ್ಪತ್ರೆಗೆ ಓಡಬೇಕು?

ದವಡೆ ನೋವಿನ ಜೊತೆ ಎದೆ ಬಿಗಿತ, ಬೆವರು, ಉಸಿರುಕಟ್ಟುವುದು, ತೋಳಿಗೆ ಹಬ್ಬುವ ನೋವು ಇದ್ದರೆ ಅದು ಹೃದಯಾಘಾತವಿರಬಹುದು. ಮೆಟ್ಟಿಲು ಹತ್ತಿದಾಗ ಬಂದು, ನಿಂತಾಗ ಹೋಗುವ ದವಡೆ ನೋವನ್ನೂ ಹೃದಯದ ಕಡೆಯಿಂದಲೇ ಮೊದಲು ನೋಡಬೇಕು.

50 ದಾಟಿದವರಿಗೆ ಅಗಿಯುತ್ತ ಹೋದಂತೆ ದವಡೆ ಸೋತು ನೋಯುತ್ತದೆ, ನಿಲ್ಲಿಸಿದರೆ ಇಳಿಯುತ್ತದೆ, ಜೊತೆಗೆ ಹೊಸದಾಗಿ ತಲೆನೋವು, ತಲೆ ಬಾಚಿದರೆ ನೆತ್ತಿ ನೋವು, ಕಣ್ಣು ಮಂಜು ಎಂದಾದರೆ ಅದೇ ದಿನ ವೈದ್ಯರನ್ನು ಕಾಣಿ. ಇದು ತಲೆಯ ರಕ್ತನಾಳಗಳ ಉರಿಯೂತ, ಜೈಂಟ್ ಸೆಲ್ ಆರ್ಟರೈಟಿಸ್ ಇರಬಹುದು. ಸ್ಟೀರಾಯ್ಡ್ ತಡವಾದರೆ ಕಣ್ಣು ಶಾಶ್ವತವಾಗಿ ಹೋಗಬಹುದು. ದವಡೆ ನೋವೆಂದು ಹಲ್ಲಿನ ವೈದ್ಯರ ಬಳಿ ಹೋಗಿ ವಾರಗಳು ಕಳೆದುಹೋಗುವ ಕಾಯಿಲೆ ಇದು. ಅದಕ್ಕೇ ಒತ್ತಿ ಹೇಳುತ್ತಿದ್ದೇವೆ.

ಜ್ವರ, ಗದ್ದದ ಕೆಳಗೆ ಅಥವಾ ಕುತ್ತಿಗೆಯಲ್ಲಿ ಊತ, ನುಂಗಲು ಕಷ್ಟ, ದನಿ ಬದಲಾವಣೆ ಇದ್ದರೆ ಹಲ್ಲಿನ ಅಥವಾ ಗಂಟಲಿನ ಕೀವು ಆಳಕ್ಕೆ ಇಳಿದಿರಬಹುದು. ಉಸಿರಿನ ದಾರಿಗೇ ಅಪಾಯ. ಗಾಯವಾದ ಕೆಲವು ದಿನಗಳಲ್ಲಿ, ಸಾಮಾನ್ಯವಾಗಿ 3ರಿಂದ 21 ದಿನಗಳ ಒಳಗೆ, ಬಾಯಿ ಬಿಗಿದು, ಕುತ್ತಿಗೆ ಬೆನ್ನು ಸೆಟೆದು, ಚಿಕ್ಕ ಸದ್ದಿಗೂ ಮೈ ಅದುರತೊಡಗಿದರೆ ಅದು ಧನುರ್ವಾಯು. ಗದ್ದಕ್ಕೆ ಪೆಟ್ಟು ಬಿದ್ದ ಮೇಲೆ ಹಲ್ಲುಗಳು ಮೊದಲಿನಂತೆ ಕೂಡುತ್ತಿಲ್ಲ ಎಂದರೆ ಕಿವಿಯ ಮುಂದಿನ ಮೂಳೆ ಮುರಿದಿರುವ ಸಂಭವ ಹೆಚ್ಚು.

ಈ ಕೀಲು ಕೆಲಸ ಮಾಡುವುದು ಹೇಗೆ?

ಕಿವಿಯ ರಂಧ್ರದ ಮುಂದೆ ಬೆರಳಿಟ್ಟು ಬಾಯಿ ತೆರೆದರೆ ಅಲ್ಲಿ ಒಂದು ಗುಂಡು ತುದಿ ಚಲಿಸುವುದು ಗೊತ್ತಾಗುತ್ತದೆ. ಅದು ಕೆಳದವಡೆಯ ತಲೆ. ಅದು ತಲೆಬುರುಡೆಯ ಒಂದು ಕುಳಿಯಲ್ಲಿ ಕುಳಿತಿರುತ್ತದೆ. ಇವೆರಡರ ನಡುವೆ ನಾರು ಮೆದುಮೂಳೆಯ ಒಂದು ಡಿಸ್ಕ್ ಇದೆ, ನಡುವೆ ತೆಳು, ಅಂಚಿನಲ್ಲಿ ದಪ್ಪ.

ಬಾಯಿ ತೆರೆಯುವಾಗ ಎರಡು ಕೆಲಸ ನಡೆಯುತ್ತದೆ. ಮೊದಲ 20–25 ಮಿಲಿಮೀಟರ್ ತೆರೆಯುವ ತನಕ ದವಡೆಯ ತಲೆ ಹೆಚ್ಚಾಗಿ ಇದ್ದಲ್ಲೇ ತಿರುಗುತ್ತದೆ. ಅಲ್ಲಿಂದ ಮುಂದೆ ಅದು ಡಿಸ್ಕ್‌ನೊಂದಿಗೆ ಮುಂದಕ್ಕೂ ಕೆಳಕ್ಕೂ ಜಾರುತ್ತದೆ. ತೊಂದರೆಗಳಲ್ಲಿ ಹೆಚ್ಚಿನವು ಬರುವುದು ಈ ಜಾರುವ ಘಟ್ಟದಲ್ಲಿ. ಬಾಯಿ 25–30 ಮಿಲಿಮೀಟರಿಗೆ ಬಂದು ಗಕ್ಕನೆ ನಿಂತರೆ ತಿರುಗುವ ಕೆಲಸ ಸರಿಯಿದೆ, ಜಾರುವ ಕೆಲಸಕ್ಕೆ ಏನೋ ಅಡ್ಡ ಬಂದಿದೆ ಎಂದು ಊಹಿಸಬಹುದು.

ಇನ್ನೊಂದು ಸಂಗತಿ: ಎಡ ಬಲ ಕೀಲುಗಳು ಒಂದೇ ಮೂಳೆಯ ಎರಡು ತುದಿಗಳು. ಒಂದು ಕಡೆ ಕೆಟ್ಟರೆ ಇನ್ನೊಂದು ಕಡೆಯ ಮೇಲೆ ಹೊರೆ ಬೀಳುತ್ತದೆ. ಹಾಗಾಗಿ ನೋವು ಕಡೆ ಬದಲಿಸಿದರೆ ಗಾಬರಿಯಾಗಬೇಕಿಲ್ಲ.

ತೆರೆದಾಗಲೆಲ್ಲ ‘ಟಕ್’ ಎನ್ನುತ್ತದೆ, ನೋವಿಲ್ಲ. ಚಿಕಿತ್ಸೆ ಬೇಕೆ?

ಬೇಡ. ಡಿಸ್ಕ್ ಸ್ವಲ್ಪ ಮುಂದೆ ಸರಿದಿದ್ದು, ಬಾಯಿ ತೆರೆಯುವಾಗ ದವಡೆಯ ತಲೆ ಅದರ ಮೇಲೆ ಹತ್ತುವ ಸದ್ದು ಅದು. ಈ ಸದ್ದಿರುವವರಲ್ಲಿ ಬಹುಪಾಲು ಜನರಿಗೆ ಅದು ಎಂದೂ ಲಾಕ್ ಆಗುವ ಮಟ್ಟಕ್ಕೆ ಹೋಗುವುದಿಲ್ಲ. ಸದ್ದು ಬರುತ್ತದೆಯೇ ಎಂದು ದಿನವೂ ಆಡಿಸಿ ನೋಡುವುದನ್ನು ಮಾತ್ರ ಬಿಡಿ. ಸದ್ದಿನ ಜೊತೆ ಆಗಾಗ ಒಂದೆರಡು ಕ್ಷಣ ಸಿಕ್ಕಿಕೊಂಡು, ದವಡೆಯನ್ನು ಅತ್ತಿತ್ತ ಆಡಿಸಿದ ಮೇಲೆ ಬಿಡುತ್ತಿದ್ದರೆ, ಅದು ಎಚ್ಚರಿಕೆ, ವೈದ್ಯರಿಗೆ ತೋರಿಸಿ. ಮರಳು ಅರೆದಂತೆ ‘ಕರಕರ’ ಸದ್ದು ಬಂದರೆ ಕೀಲಿನ ಮೇಲ್ಮೈ ಸವೆದಿರಬಹುದು.

ವರ್ಷಗಳಿಂದಿದ್ದ ಸದ್ದು ಒಂದು ಬೆಳಗ್ಗೆ ನಿಂತುಹೋಯಿತು, ಬಾಯಿಯೂ ತೆರೆಯುತ್ತಿಲ್ಲ. ಏನಾಗಿದೆ?

ಇದು ಮುಚ್ಚಿದ ಲಾಕ್‌ನ ನಿಚ್ಚಳ ಕಥೆ. ಮುಂದೆ ಸರಿದ ಡಿಸ್ಕ್ ಈಗ ತನ್ನ ಜಾಗಕ್ಕೆ ಮರಳುತ್ತಿಲ್ಲ. ಬಾಗಿಲಡಿ ಮುದುಡಿ ಸಿಕ್ಕಿಕೊಂಡ ಕಾಲೊರಸಿನ ಹಾಗೆ ದವಡೆಯ ತಲೆಗೆ ಅಡ್ಡ ನಿಂತಿದೆ. ಸದ್ದು ನಿಂತದ್ದು ಗುಣವಾದ ಲಕ್ಷಣವಲ್ಲ, ತಲೆ ಡಿಸ್ಕ್‌ನ ಮೇಲೆ ಹತ್ತುವುದೇ ನಿಂತಿದೆ ಎಂಬುದರ ಲಕ್ಷಣ. ಬಾಯಿ ತೆರೆದಾಗ ಗದ್ದ ನೋವಿರುವ ಕಡೆಗೇ ವಾಲುತ್ತದೆ, ಏಕೆಂದರೆ ಆ ಕಡೆ ಮುಂದಕ್ಕೆ ಜಾರುತ್ತಿಲ್ಲ. ದವಡೆಯನ್ನು ಎದುರು ಕಡೆಗೆ ಸರಿಸಲೂ ಕಷ್ಟವಾಗುತ್ತದೆ.

ಅಳೆದು ಬರೆದಿಡಿ. ಮೇಲಿನ ಮುಂಹಲ್ಲಿನ ಅಂಚಿನಿಂದ ಕೆಳಗಿನ ಮುಂಹಲ್ಲಿನ ಅಂಚಿಗೆ ಸ್ಕೇಲ್ ಇಟ್ಟು ಮಿಲಿಮೀಟರಿನಲ್ಲಿ ನೋಡಿ. ವಯಸ್ಕರಲ್ಲಿ 40ರಿಂದ 50 ಸಾಮಾನ್ಯ. 35ಕ್ಕಿಂತ ಕಡಿಮೆ ಇದ್ದರೆ ತೆರೆಯುವಿಕೆ ತಗ್ಗಿದೆ. ಸ್ಕೇಲ್ ಇಲ್ಲದಿದ್ದರೆ ನಿಮ್ಮದೇ ಮೂರು ಬೆರಳುಗಳನ್ನು ಒಂದರ ಮೇಲೊಂದು ನಿಲ್ಲಿಸಿ ತೂರಿಸಿ ನೋಡಿ. ಮೂರೂ ಹಿಡಿಸಬೇಕು. ದಿನಕ್ಕೆ ಒಂದು ಸಲ, ಒಂದೇ ಹೊತ್ತಿಗೆ ಅಳೆದರೆ ಸಾಕು.

ಮುಚ್ಚಿದ ಲಾಕ್‌ಗೆ ಇವತ್ತೇ ಮನೆಯಲ್ಲಿ ಏನು ಮಾಡಬಹುದು?

ಕೆನ್ನೆಗೂ ಕಿವಿಯ ಮುಂದಕ್ಕೂ 15–20 ನಿಮಿಷ ಬಿಸಿ ಒದ್ದೆ ಬಟ್ಟೆ ಇಡಿ. ಹಲ್ಲುಗಳನ್ನು ಬಿಡಿಸಿ ದವಡೆ ಸಡಿಲ ಬಿಡಿ. ಈಗ ದವಡೆಯನ್ನು ನೋವಿರುವ ಕಡೆಯಿಂದ ಎದುರು ಕಡೆಗೆ ಮೆಲ್ಲಗೆ ಸರಿಸಿ, ಅಲ್ಲೇ ಇಟ್ಟುಕೊಂಡು ಬಾಯಿ ತೆರೆಯಲು ನೋಡಿ. ಐದಾರು ಸಲ ಸಾಕು. ಬಿಟ್ಟರೆ ಒಂದು ‘ಟಕ್’ ಸದ್ದಿನೊಂದಿಗೆ ಬಿಡುತ್ತದೆ. ಬಿಡದಿದ್ದರೆ ಹಟ ಬೇಡ. ಬಲವಂತವಾಗಿ ಅಗಲಿಸಿದರೆ ಡಿಸ್ಕ್‌ನ ಹಿಂದಿರುವ ನರ, ರಕ್ತನಾಳ ತುಂಬಿದ ಮೃದು ಅಂಗಾಂಶ ಹಿಗ್ಗಿ ಉರಿಯೂತ ಹೆಚ್ಚುತ್ತದೆ, ಮರುದಿನ ಬಾಯಿ ಇನ್ನೂ ಕಡಿಮೆ ತೆರೆಯುತ್ತದೆ.

ಒಂದೆರಡು ವಾರದೊಳಗೆ ತರಬೇತಿ ಪಡೆದವರ ಬಳಿ ಹೋದರೆ ಅವರು ಕೈಯಿಂದ ಕೀಲನ್ನು ಕೆಳಕ್ಕೂ ಮುಂದಕ್ಕೂ ಎಳೆದು ಬಿಡಿಸುವ ಪ್ರಯತ್ನ ಮಾಡಬಹುದು. ಹೊಸ ಲಾಕ್‌ನಲ್ಲಿ ಇದು ಫಲಿಸುವ ಸಂಭವ ಹೆಚ್ಚು, ಹಳತಾದಂತೆ ಕಡಿಮೆ. ಆದರೆ ಡಿಸ್ಕ್ ಜಾಗಕ್ಕೆ ಮರಳದೆಯೂ ಬಾಯಿ ತೆರೆಯುತ್ತದೆ ಎಂಬುದು ತಿಳಿದಿರಲಿ. ವಾರಗಳು, ತಿಂಗಳುಗಳು ಕಳೆದಂತೆ ಹಿಂದಿನ ಅಂಗಾಂಶ ಗಟ್ಟಿಯಾಗಿ ಡಿಸ್ಕ್‌ನ ಕೆಲಸಕ್ಕೆ ಒಗ್ಗಿಕೊಳ್ಳುತ್ತದೆ, ನೋವು ಇಳಿಯುತ್ತದೆ, ತೆರೆಯುವಿಕೆ ಹೆಚ್ಚುತ್ತದೆ.

ಡಿಸ್ಕ್ ಅಲ್ಲದೆ ಬೇರೆ ಯಾವುದರಿಂದ ಬಾಯಿ ತೆರೆಯದಂತಾಗುತ್ತದೆ?

ಪೂರ್ತಿ ಬರದ ಬುದ್ಧಿ ಹಲ್ಲಿನ ಸುತ್ತ ವಸಡು ಬಾತರೆ ಪಕ್ಕದ ಸ್ನಾಯು ಬಿಗಿಯುತ್ತದೆ. ಇದು ಬಹಳ ಸಾಮಾನ್ಯ. ಕೆಳಗಿನ ಹಲ್ಲಿಗೆ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟ ಒಂದೆರಡು ದಿನಗಳ ಮೇಲೆ ಬಾಯಿ ಬಿಗಿದರೆ, ಸೂಜಿ ತಾಗಿ ಒಳಸ್ನಾಯುವಿನಲ್ಲಿ ರಕ್ತ ಕಟ್ಟಿರಬಹುದು. ಅದಕ್ಕೆ ಬಿಸಿ ಶಾಖ, ಉಗುರು ಬೆಚ್ಚಗಿನ ಉಪ್ಪುನೀರು ಮುಕ್ಕಳಿಸುವುದು, ನೋವಿನ ಮಾತ್ರೆ, ದಿನಕ್ಕೆ ಹಲವು ಸಲ ಮೆಲ್ಲಗೆ ಬಾಯಿ ತೆರೆಯುವ ವ್ಯಾಯಾಮ. ಹೆಚ್ಚಿನವರಿಗೆ ಕೆಲವು ವಾರಗಳಲ್ಲಿ ಸರಿಹೋಗುತ್ತದೆ. ತಲೆ ಕುತ್ತಿಗೆಗೆ ವಿಕಿರಣ ಚಿಕಿತ್ಸೆ ಪಡೆದವರಲ್ಲಿ ಸ್ನಾಯು ನಾರುಗಟ್ಟುತ್ತದೆ, ಅವರು ಚಿಕಿತ್ಸೆಯ ಮೊದಲ ದಿನದಿಂದಲೇ ವ್ಯಾಯಾಮ ಶುರು ಮಾಡುವುದು ಒಳ್ಳೆಯದು.

ಅಡಿಕೆ ಅಗಿಯುವವರಲ್ಲಿ ತಿಂಗಳು ವರ್ಷಗಳ ಕಾಲ ಬಾಯಿ ಕ್ರಮೇಣ ಕಿರಿದಾಗುತ್ತ, ಖಾರ ತಾಗಿದರೆ ಉರಿಯುತ್ತ, ಕೆನ್ನೆಯ ಒಳಗೆ ಬಿಳಿಚಿದ ಗಟ್ಟಿ ಪಟ್ಟಿಗಳು ಬೆರಳಿಗೆ ಸಿಗುತ್ತಿದ್ದರೆ ಅದು ಕೀಲಿನ ತೊಂದರೆಯಲ್ಲ, ಸಬ್‌ಮ್ಯೂಕಸ್ ಫೈಬ್ರೋಸಿಸ್. ಅದು ಕ್ಯಾನ್ಸರಿಗೆ ತಿರುಗಬಲ್ಲ ಸ್ಥಿತಿ. ಅಗಿಯುವುದನ್ನು ಆ ಕ್ಷಣವೇ ನಿಲ್ಲಿಸಿ ತಜ್ಞರಿಗೆ ತೋರಿಸಬೇಕು. ನೋವಿಲ್ಲದೆ, ಕಾರಣ ಕಾಣದೆ, ವಾರದಿಂದ ವಾರಕ್ಕೆ ಬಾಯಿ ಕಿರಿದಾಗುತ್ತಿದ್ದರೆ ಗಡ್ಡೆ ಇಲ್ಲವೆಂದು ಖಚಿತಪಡಿಸಿಕೊಳ್ಳಬೇಕು.

ನೋವು ಸ್ನಾಯುವಿನದೋ ಕೀಲಿನದೋ ಹೇಗೆ ತಿಳಿಯುವುದು?

ಒಂದೇ ಬೆರಳಿನಿಂದ ತೋರಿಸಲು ನೋಡಿ. ಕಿವಿಯ ಮುಂದಿನ ಒಂದು ಬಿಂದುವನ್ನೇ ತೋರಿಸಿದರೆ ಕೀಲು. ಇಡೀ ಅಂಗೈಯನ್ನು ಕೆನ್ನೆಗೆ ಒರಗಿಸಿ ‘ಇಲ್ಲೆಲ್ಲ’ ಎಂದರೆ ಸ್ನಾಯು. ಹಲ್ಲು ಕಚ್ಚಿ ಹಿಡಿದಾಗ ಕೆನ್ನೆಯಲ್ಲಿ ಉಬ್ಬುವುದು ಮ್ಯಾಸೆಟರ್, ಕಿವಿಯ ಮೇಲೆ ತಲೆಯ ಪಕ್ಕದಲ್ಲಿ ಉಬ್ಬುವುದು ಟೆಂಪೊರಾಲಿಸ್. ಅವನ್ನು ಬೆರಳ ತುದಿಯಿಂದ ಕೆಲವು ಸೆಕೆಂಡು ಒತ್ತಿದಾಗ ನಿಮ್ಮ ದಿನನಿತ್ಯದ ನೋವೇ ಎದ್ದು ಬಂದರೆ ಉತ್ತರ ಸಿಕ್ಕಿತು. ಅನೇಕರಲ್ಲಿ ಎರಡೂ ಕಲೆತಿರುತ್ತವೆ. ಬೆಳಗ್ಗೆ ಎದ್ದಾಗಲೇ ಬಿಗಿತವಿದ್ದರೆ ರಾತ್ರಿ ಹಲ್ಲು ಕಡಿಯುವ ಗುಮಾನಿ. ಸಂಜೆಯ ಹೊತ್ತಿಗೆ ಏರುತ್ತಿದ್ದರೆ ಹಗಲಿನಲ್ಲಿ ಹಲ್ಲು ಕಚ್ಚಿ ಹಿಡಿಯುವ ಗುಮಾನಿ.

ಕಿವಿ ನೋವು, ಹಲ್ಲು ನೋವು, ನರದ ನೋವು ಇರಬಹುದಲ್ಲವೇ?

ಇರಬಹುದು, ಅದಕ್ಕೇ ಮೊದಲು ಹಲ್ಲು ಪರೀಕ್ಷೆ ಆಗಬೇಕು. ತಣ್ಣಗಿನ ಅಥವಾ ಬಿಸಿ ಪದಾರ್ಥ ತಾಗಿ ನೋವು ನಿಮಿಷಗಟ್ಟಲೆ ಉಳಿದರೆ, ಒಂದು ಹಲ್ಲನ್ನು ತಟ್ಟಿದಾಗ ನೋವಾದರೆ, ಕಾರಣ ಹಲ್ಲಿನಲ್ಲಿದೆ. ಮ್ಯಾಸೆಟರ್ ಸ್ನಾಯುವಿನ ನೋವು ಕೆಳಗಿನ ದವಡೆ ಹಲ್ಲಿಗೆ ಹರಡುತ್ತದೆ ಎಂಬುದು ತಿಳಿಯದೆ ಏನೂ ಆಗದ ಹಲ್ಲಿಗೆ ರೂಟ್ ಕೆನಾಲ್ ಮಾಡಿಸಿಕೊಳ್ಳುವವರಿದ್ದಾರೆ. ಮುಖದ ಒಂದು ಕಡೆ ಕರೆಂಟ್ ಹೊಡೆದಂತೆ ಕೆಲವು ಸೆಕೆಂಡು ಚಳುಕು, ಮುಖ ತೊಳೆದರೂ ಗಾಳಿ ತಾಗಿದರೂ ಬರುವುದಾದರೆ ಟ್ರೈಜೆಮಿನಲ್ ನರದ ನೋವು. ಅದಕ್ಕೆ ಕಾರ್ಬಮಜೆಪಿನ್‌ನಂಥ ಔಷಧ ಬೇಕು, ಮಾಮೂಲಿ ನೋವಿನ ಮಾತ್ರೆಗೆ ಅದು ಜಗ್ಗುವುದಿಲ್ಲ. ಊಟದ ಹೊತ್ತಿಗೆ ಕಿವಿಯ ಮುಂದೆ ಅಥವಾ ದವಡೆಯ ಕೆಳಗೆ ಊದಿಕೊಂಡು ಆಮೇಲೆ ಇಳಿದರೆ ಜೊಲ್ಲುಗ್ರಂಥಿಯಲ್ಲಿ ಕಲ್ಲಿರಬಹುದು. ಕಿವಿ ತುಂಬಿದಂತೆ, ಗುಂಯ್‌ಗುಟ್ಟಿದಂತೆ ಅನಿಸುವುದು ದವಡೆ ತೊಂದರೆಯಲ್ಲೂ ಇರುತ್ತದೆ. ಕಿವಿಯೊಳಗೆ ಏನೂ ಕಾಣದೆ ಅಗಿದಾಗ ಹೆಚ್ಚಾದರೆ ಬೆರಳು ತೋರುವುದು ಕೀಲಿನತ್ತ.

ಎಂ.ಆರ್.ಐ. ಮಾಡಿಸಲೇಬೇಕೆ?

ಹೆಚ್ಚಿನವರಿಗೆ ಬೇಡ. ಬಾಯಿಯ ಒಟ್ಟು ಎಕ್ಸ್‌ರೇ ಹಲ್ಲಿನ ತೊಂದರೆ, ದೊಡ್ಡ ಮೂಳೆ ಬದಲಾವಣೆ ತೋರಿಸುತ್ತದೆ. ಮೂಳೆಯನ್ನು ಸೂಕ್ಷ್ಮವಾಗಿ ನೋಡಲು ಸಿ.ಬಿ.ಸಿ.ಟಿ. ಎಂಬ ಸ್ಕ್ಯಾನ್, ಡಿಸ್ಕ್ ನೋಡಲು ಎಂ.ಆರ್.ಐ. ಬೇಕು. ಆದರೆ ಏನೂ ತೊಂದರೆ ಇಲ್ಲದ ಜನರಲ್ಲೂ ಸುಮಾರು ಮೂರರಲ್ಲಿ ಒಬ್ಬರಿಗೆ ಡಿಸ್ಕ್ ಸರಿದಿರುವುದು ಕಾಣುತ್ತದೆ. ಆದ್ದರಿಂದ ಚಿತ್ರದಲ್ಲಿ ಕಂಡದ್ದೇ ನೋವಿನ ಮೂಲ ಎಂದು ತೀರ್ಮಾನಿಸಲಾಗದು. ಲಾಕ್ ಬಿಡದೆ ಮುಂದಿನ ಚಿಕಿತ್ಸೆ ಯೋಚಿಸುವಾಗ, ಗಡ್ಡೆಯ ಅನುಮಾನವಿದ್ದಾಗ ಎಂ.ಆರ್.ಐ. ಸಾರ್ಥಕ.

ಮನೆಯಲ್ಲಿ ಮಾಡುವ ಆರೈಕೆಯಲ್ಲಿ ಯಾವುದು ಎಲ್ಲಕ್ಕಿಂತ ಮುಖ್ಯ?

ಹಲ್ಲುಗಳನ್ನು ಬಿಡಿಸಿ ಇಡುವುದು. ಇದನ್ನು ಹೇಳಿದಾಗ ಬಹಳಷ್ಟು ಮಂದಿಗೆ ‘ಇಷ್ಟೇನಾ’ ಅನಿಸುತ್ತದೆ, ಆದರೆ ಸ್ನಾಯು ನೋವಿಗೆ ಇದರಷ್ಟು ಕೆಲಸ ಮಾಡುವುದು ಬೇರೊಂದಿಲ್ಲ ಎಂಬುದು ನಮ್ಮ ಖಚಿತ ಅಭಿಪ್ರಾಯ. ಮೇಲಿನ ಕೆಳಗಿನ ಹಲ್ಲುಗಳು ತಾಗಬೇಕಾದದ್ದು ನುಂಗುವಾಗ, ಅಗಿಯುವಾಗ ಮಾತ್ರ. ಮಿಕ್ಕ ಹೊತ್ತು ತುಟಿ ಕೂಡಿರಬೇಕು, ಹಲ್ಲು ಬಿಟ್ಟಿರಬೇಕು, ನಾಲಗೆಯ ತುದಿ ಮೇಲಿನ ಮುಂಹಲ್ಲುಗಳ ಹಿಂದೆ ಅಂಗುಳಕ್ಕೆ ಹಗುರವಾಗಿ ತಾಗಿರಬೇಕು. ಜೋರಾಗಿ ಕಡಿಯುವುದೇ ಬೇಕಿಲ್ಲ. ಗಂಟೆಗಟ್ಟಲೆ ಸುಮ್ಮನೆ ತಾಗಿಸಿಟ್ಟರೂ ಸ್ನಾಯು ದಣಿಯುತ್ತದೆ.

ಹಗಲಿನ ಕಚ್ಚುವಿಕೆ ನಮಗೇ ಗೊತ್ತಾಗುವುದಿಲ್ಲ. ಫೋನಿನಲ್ಲಿ ಅರ್ಧ ಗಂಟೆಗೊಮ್ಮೆ ಅಲಾರಂ ಇಡಿ. ಬಾರಿಸಿದಾಗ ಹಲ್ಲು ಎಲ್ಲಿವೆ ನೋಡಿ, ಬಿಡಿಸಿ, ಭುಜ ಇಳಿಸಿ, ಒಂದು ದೀರ್ಘ ಉಸಿರು ಬಿಡಿ. ಯಾವ ಕೆಲಸದ ಹೊತ್ತಿಗೆ ಕಚ್ಚಿರುತ್ತೀರಿ ಎಂದು ಒಂದು ವಾರ ಗುರುತು ಹಾಕಿ. ವಾಹನ ಓಡಿಸುವುದು, ಕಂಪ್ಯೂಟರ್ ಮುಂದೆ ಕೂರುವುದು, ಭಾರ ಎತ್ತುವುದು ಸಾಮಾನ್ಯವಾಗಿ ಸಿಕ್ಕಿಬೀಳುವ ಹೊತ್ತುಗಳು.

ಎರಡು ವಾರ ಮೆತ್ತಗಿನ ಆಹಾರ, ಚಿಕ್ಕ ತುತ್ತು, ಎರಡೂ ಕಡೆ ಅಗಿಯುವುದು. ಚ್ಯೂಯಿಂಗ್ ಗಮ್, ಉಗುರು ಕಚ್ಚುವುದು, ಪೆನ್ ಕಚ್ಚುವುದು, ಗದ್ದಕ್ಕೆ ಕೈಯೂರಿ ಕೂರುವುದು, ಹೊಟ್ಟೆಯ ಮೇಲೆ ಮಲಗುವುದು ಬಿಡಿ. ಆದರೆ ದ್ರವಾಹಾರದಲ್ಲೇ ತಿಂಗಳುಗಟ್ಟಲೆ ಇರಬೇಡಿ. ಬಳಸದ ಸ್ನಾಯು ಸೊರಗಿ, ಆಮೇಲೆ ಸ್ವಲ್ಪ ಅಗಿದರೂ ನೋಯುತ್ತದೆ.

ಯಾವ ವ್ಯಾಯಾಮ, ಎಷ್ಟು ಸಲ?

ಮೊದಲ ವಾರ ನಾಲಗೆ ಹಿಡಿತದ ತೆರೆಯುವಿಕೆ. ನಾಲಗೆಯನ್ನು ಅಂಗುಳಕ್ಕೆ ಅಂಟಿಸಿ, ಕನ್ನಡಿ ನೋಡುತ್ತ, ಗದ್ದ ಅತ್ತಿತ್ತ ವಾಲದಂತೆ ನೇರವಾಗಿ ತೆರೆಯಿರಿ, ಮುಚ್ಚಿ. ನಾಲಗೆ ಅಂಟಿರುವುದರಿಂದ ಬಾಯಿ ಅತಿಯಾಗಿ ತೆರೆಯುವುದಿಲ್ಲ. ಒಂದು ಸುತ್ತಿಗೆ 6 ಸಲ, ದಿನಕ್ಕೆ 6 ಸುತ್ತು. ದಿನಕ್ಕೊಮ್ಮೆ ಅರ್ಧ ಗಂಟೆ ಮಾಡುವುದಕ್ಕಿಂತ ಹೀಗೆ ಹಂಚಿ ಮಾಡುವುದು ಮೇಲು.

ನೋವು ಇಳಿದ ಮೇಲೆ ಹಿಗ್ಗಿಸುವಿಕೆ. ಹೆಬ್ಬೆರಳನ್ನು ಮೇಲಿನ ಮುಂಹಲ್ಲಿಗೆ, ತೋರುಬೆರಳನ್ನು ಕೆಳಗಿನ ಮುಂಹಲ್ಲಿಗೆ ಕತ್ತರಿಯಂತೆ ಅಡ್ಡ ಕೊಟ್ಟು ಮೆಲ್ಲಗೆ ಅಗಲಿಸಿ. 20–30 ಸೆಕೆಂಡು ಹಿಡಿದು ಬಿಡಿ. 5 ಸಲ, ದಿನಕ್ಕೆ ಮೂರು ಹೊತ್ತು. ಎಳೆತ ಗೊತ್ತಾಗಬೇಕು, ಚುಚ್ಚುವ ನೋವು ಬರಬಾರದು. ಬಾಯಿ ಬಹಳ ಕಿರಿದಾಗಿರುವವರಿಗೆ ನಾಲಗೆ ಒತ್ತುವ ಮರದ ಚಪ್ಪಟೆ ಕಡ್ಡಿಗಳನ್ನು ಒಟ್ಟಾಗಿ ಹಲ್ಲಿನ ನಡುವೆ ಇಟ್ಟು, ಕೆಲವು ದಿನಗಳಿಗೊಂದರಂತೆ ಕಡ್ಡಿ ಸೇರಿಸುತ್ತ ಹೋಗುವ ಕ್ರಮವಿದೆ.

ಕೆನ್ನೆಯ ಸ್ನಾಯುವನ್ನು ಕೆನ್ನೆಮೂಳೆಯಿಂದ ದವಡೆಯ ಮೂಲೆಯ ತನಕ ಎರಡು ಬೆರಳಿನಿಂದ ವೃತ್ತಾಕಾರವಾಗಿ ಒಂದೆರಡು ನಿಮಿಷ ತೀಡಿ. ಗಂಟಿನಂತೆ ಸಿಗುವ ಜಾಗವನ್ನು ಸ್ವಲ್ಪ ಹೊತ್ತು ಒತ್ತಿ ಹಿಡಿಯಿರಿ.

ವ್ಯಾಯಾಮದ ನಂತರದ ನೋವು ಒಂದು ಗಂಟೆಗೂ ಮೀರಿ ಉಳಿದರೆ ಮರುದಿನ ಅರ್ಧಕ್ಕೆ ಇಳಿಸಿ. ಜನ ಸೋಲುವುದು ಎರಡೇ ಕಡೆ: ಮೊದಲ ವಾರ ಅತಿಯಾಗಿ ಎಳೆದು ನೋವು ಮಾಡಿಕೊಳ್ಳುವುದು, ನೋವು ಹೋದೊಡನೆ ಪೂರ್ತಿ ಬಿಟ್ಟುಬಿಡುವುದು.

ಬಿಸಿ ಶಾಖವೋ, ಮಂಜುಗಡ್ಡೆಯೋ?

ಪೆಟ್ಟು ಬಿದ್ದ ಅಥವಾ ಹೊಸದಾಗಿ ಊದಿದ ಕೀಲಿಗೆ ಮೊದಲ ಎರಡು ದಿನ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ, 10 ನಿಮಿಷ. ಬಿಗಿದ ಸ್ನಾಯುವಿಗೆ ಬಿಸಿ, 15–20 ನಿಮಿಷ. ಹಲ್ಲಿನ ಕೀವಿನಿಂದ ಊದಿದ ಕೆನ್ನೆಗೆ ಹೊರಗಿನಿಂದ ಬಿಸಿ ಇಡಬೇಡಿ.

ಮಾತ್ರೆಗಳು?

ವಯಸ್ಕರಿಗೆ ಪ್ಯಾರಾಸಿಟಮಾಲ್ 500–1000 ಮಿಲಿಗ್ರಾಂ, ಕನಿಷ್ಠ 6 ಗಂಟೆ ಅಂತರದಲ್ಲಿ. 24 ಗಂಟೆಯಲ್ಲಿ 4 ಗ್ರಾಂ ಮೀರಬಾರದು. ತೂಕ ಕಡಿಮೆ ಇರುವವರಿಗೆ, ಮದ್ಯ ಸೇವಿಸುವವರಿಗೆ, ಯಕೃತ್ತಿನ ತೊಂದರೆಯವರಿಗೆ ಇನ್ನೂ ಕಡಿಮೆ, ವೈದ್ಯರನ್ನು ಕೇಳಿಯೇ. ಕೀಲಿನ ಉರಿಯೂತಕ್ಕೆ ಐಬುಪ್ರೊಫೇನ್ 400 ಮಿಲಿಗ್ರಾಂ, ಊಟದ ನಂತರ, ದಿನಕ್ಕೆ ಮೂರು ಸಲ. ನೋವು ಬಂದಾಗ ಒಂದು ನುಂಗುವುದಕ್ಕಿಂತ ವೈದ್ಯರು ಹೇಳಿದಷ್ಟು ದಿನ ಹೊತ್ತಿಗೆ ಸರಿಯಾಗಿ ತೆಗೆದುಕೊಂಡರೆ ಉರಿಯೂತ ಇಳಿಯುತ್ತದೆ. ಹೊಟ್ಟೆ ಹುಣ್ಣು, ಮೂತ್ರಪಿಂಡದ ತೊಂದರೆ, ಹೃದಯ ವೈಫಲ್ಯ ಇರುವವರು, ರಕ್ತ ತೆಳು ಮಾಡುವ ಔಷಧ ತೆಗೆದುಕೊಳ್ಳುವವರು, ಇಂಥ ಮಾತ್ರೆಗೆ ಉಬ್ಬಸ ಬರುವವರು, ಗರ್ಭಿಣಿಯರು ಇದನ್ನು ತಾವಾಗಿ ತೆಗೆದುಕೊಳ್ಳಬಾರದು.

ನೋವು ಮೂರು ತಿಂಗಳು ದಾಟಿದ್ದರೆ ರಾತ್ರಿ 10–25 ಮಿಲಿಗ್ರಾಂ ಅಮಿಟ್ರಿಪ್ಟಿಲಿನ್ ಕೊಡುವುದುಂಟು. ಚೀಟಿಯಲ್ಲಿ ಖಿನ್ನತೆಯ ಔಷಧ ಎಂದು ಕಂಡು ನೊಂದುಕೊಳ್ಳಬೇಡಿ. ಈ ಸಣ್ಣ ಪ್ರಮಾಣ ನೋವಿಗೂ ನಿದ್ದೆಗೂ. ಇನ್ನೊಂದು ಕಡೆ, ಖಿನ್ನತೆಗೆ ಕೊಡುವ ಎಸ್‌.ಎಸ್‌.ಆರ್‌.ಐ. ಗುಂಪಿನ ಔಷಧಗಳು ಕೆಲವರಲ್ಲಿ ಹಲ್ಲು ಕಡಿಯುವುದನ್ನು ಹೆಚ್ಚಿಸುತ್ತವೆ. ಹಾಗನಿಸಿದರೆ ತಾವಾಗಿ ನಿಲ್ಲಿಸದೆ ಕೊಟ್ಟ ವೈದ್ಯರಿಗೆ ಹೇಳಿ.

ನೈಟ್ ಗಾರ್ಡ್ ಹಾಕಿದರೆ ಗುಣವಾಗುತ್ತದೆಯೇ?

ರಾತ್ರಿ ಹಲ್ಲಿನ ಮೇಲೆ ಹಾಕಿಕೊಳ್ಳುವ ಈ ಕವಚ ಹಲ್ಲು ಸವೆಯದಂತೆ ಕಾಯುತ್ತದೆ, ಕೆಲವರಿಗೆ ನೋವೂ ತಗ್ಗುತ್ತದೆ. ಕಡಿಯುವ ಅಭ್ಯಾಸವನ್ನು ನಿಲ್ಲಿಸುವುದಿಲ್ಲ. 2023ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಪ್ರಕಟಿಸಿದ ಮಾರ್ಗಸೂಚಿ, ಮೂರು ತಿಂಗಳು ಮೀರಿದ ದವಡೆ ನೋವಿಗೆ ಮೊದಲ ಸ್ಥಾನ ಕೊಟ್ಟದ್ದು ತಿಳಿವಳಿಕೆ, ವ್ಯಾಯಾಮ, ಫಿಸಿಯೋಥೆರಪಿ, ಆಲೋಚನೆ ಮತ್ತು ವರ್ತನೆ ತಿದ್ದುವ ಚಿಕಿತ್ಸೆಗಳಿಗೆ. ಗಾರ್ಡ್‌ಗಳ ಬಗ್ಗೆ ಅದರ ಉತ್ಸಾಹ ಕಡಿಮೆ.

ಮಾಡಿಸುವುದಾದರೆ ನಿಮ್ಮ ಹಲ್ಲಿನ ಅಳತೆ ತೆಗೆದು ಮಾಡಿದ, ಒಂದು ಸಾಲಿನ ಎಲ್ಲ ಹಲ್ಲುಗಳನ್ನೂ ಮುಚ್ಚುವ ಗಟ್ಟಿ ಅಕ್ರಿಲಿಕ್ ಗಾರ್ಡ್ ಇರಲಿ. ಎಲ್ಲ ಹಲ್ಲುಗಳೂ ಅದರ ಮೇಲೆ ಸಮನಾಗಿ ತಾಗುವಂತೆ ವೈದ್ಯರು ಬಣ್ಣದ ಕಾಗದ ಕಚ್ಚಿಸಿ ತಿದ್ದಬೇಕು. ಮುಂಹಲ್ಲುಗಳನ್ನಷ್ಟೇ ಮುಚ್ಚುವ ಗಾರ್ಡ್ ದೀರ್ಘಕಾಲ ಹಾಕಿದರೆ ಹಿಂದಿನ ಹಲ್ಲುಗಳು ಮೇಲೆದ್ದು ಕಚ್ಚುವಿಕೆಯೇ ಬದಲಾಗಬಹುದು. ಬಿಸಿನೀರಿನಲ್ಲಿ ಮೆದು ಮಾಡಿ ಕಚ್ಚುವ ರಬ್ಬರಿನಂಥ ಗಾರ್ಡ್‌ನಿಂದ ಕೆಲವರು ಇನ್ನಷ್ಟು ಕಚ್ಚತೊಡಗುತ್ತಾರೆ. ಗಾರ್ಡ್ ತೆಗೆದ ಮೇಲೆ ಬೆಳಗಿನ ಹೊತ್ತು ದಾಟಿದರೂ ಹಲ್ಲುಗಳು ಮೊದಲಿನಂತೆ ಕೂಡದಿದ್ದರೆ ಹಾಕುವುದು ನಿಲ್ಲಿಸಿ ತೋರಿಸಿ. ತೊಳೆಯಲು ತಣ್ಣೀರು, ಬ್ರಷ್. ಬಿಸಿನೀರು ತಾಗಿದರೆ ಆಕಾರ ಕೆಡುತ್ತದೆ.

ಗೊರಕೆ, ಹಗಲು ತೂಕಡಿಕೆ ಇದ್ದವರು ಗಾರ್ಡ್‌ಗಿಂತ ಮೊದಲು ನಿದ್ದೆಯಲ್ಲಿ ಉಸಿರುಕಟ್ಟುವ ತೊಂದರೆ ಇದೆಯೇ ಎಂದು ಪರೀಕ್ಷಿಸಿಕೊಳ್ಳಲಿ.

ಹಲ್ಲು ತೇಯಿಸಿ ಕಚ್ಚುವಿಕೆ ಸರಿಮಾಡಿಸಿದರೆ, ತಂತಿ ಹಾಕಿಸಿದರೆ?

ದವಡೆ ನೋವಿಗಾಗಿ ಬೇಡ. 1934ರಲ್ಲಿ ಅಮೆರಿಕದ ಕಿವಿ-ಮೂಗು-ಗಂಟಲು ವೈದ್ಯ ಜೇಮ್ಸ್ ಕಾಸ್ಟೆನ್, ಕಚ್ಚುವಿಕೆ ಕೆಟ್ಟಿರುವುದೇ ಈ ತೊಂದರೆಗಳ ಮೂಲ ಎಂದು ವಾದಿಸಿದ ಮೇಲೆ ದಶಕಗಳ ಕಾಲ ಹಲ್ಲು ತೇಯುವುದು, ಎತ್ತರಿಸುವುದು ನಡೆಯಿತು. ಆಮೇಲಿನ ಅಧ್ಯಯನಗಳು ಅದನ್ನು ಎತ್ತಿ ಹಿಡಿಯಲಿಲ್ಲ. ತೇದ ಹಲ್ಲು ಮರಳಿ ಬೆಳೆಯುವುದಿಲ್ಲ. ವಕ್ರ ಹಲ್ಲಿಗೆ ತಂತಿ ಹಾಕಿಸುವುದು ಬೇರೆ ವಿಚಾರ. ಅದು ದವಡೆ ನೋವನ್ನು ತರುವುದೂ ಇಲ್ಲ, ಕಳೆಯುವುದೂ ಇಲ್ಲ.

ಸೂಜಿಯಿಂದ ಕೀಲು ತೊಳೆಯುವುದು, ಬೋಟಾಕ್ಸ್, ಶಸ್ತ್ರಚಿಕಿತ್ಸೆ ಯಾವಾಗ?

ಮುಚ್ಚಿದ ಲಾಕ್ ವಾರಗಳ ವ್ಯಾಯಾಮ, ಔಷಧಕ್ಕೂ ಬಿಡದಿದ್ದರೆ ಕೀಲು ತೊಳೆಯುವ ಆರ್ತ್ರೋಸೆಂಟೆಸಿಸ್ ಒಂದು ಆಯ್ಕೆ. ಈ ಕೀಲಿನ ಲಾಕ್‌ಗೆ ಅದನ್ನು 1991ರಲ್ಲಿ ವಿವರಿಸಲಾಯಿತು. ಕಿವಿಯ ಮುಂದೆ ಎರಡು ಸೂಜಿ ತೂರಿಸಿ, ಒಂದರಿಂದ ರಿಂಗರ್ ಲ್ಯಾಕ್ಟೇಟ್‌ನಂಥ ದ್ರವವನ್ನು ಸುಮಾರು 100–200 ಮಿಲಿಲೀಟರ್ ಹರಿಸಿ ಇನ್ನೊಂದರಿಂದ ಹೊರಬಿಡುತ್ತಾರೆ. ಅಂಟಿಕೊಂಡದ್ದು ಬಿಡುತ್ತದೆ, ಉರಿಯೂತದ ರಾಸಾಯನಿಕಗಳು ತೊಳೆದುಹೋಗುತ್ತವೆ. ಮರಗಟ್ಟಿಸುವ ಔಷಧ ಹರಡಿ ಕೆಲವು ಗಂಟೆ ಆ ಕಡೆಯ ಕಣ್ಣು ಸರಿಯಾಗಿ ಮುಚ್ಚದಿರಬಹುದು, ಅದು ಇಳಿಯುತ್ತದೆ. ಅಂದಿನಿಂದಲೇ ವ್ಯಾಯಾಮ ಮಾಡದಿದ್ದರೆ ಗಳಿಸಿದ್ದು ಉಳಿಯುವುದಿಲ್ಲ. ಲಾಕ್ ಇಲ್ಲದ, ಬರೀ ನೋವಿನ ದವಡೆಗೆ ಇದನ್ನು ಮಾಡಿಸುವ ಆತುರ ಬೇಡ.

ಬೋಟಾಕ್ಸ್ ಇಂಜೆಕ್ಷನ್ ಮೂರು ನಾಲ್ಕು ತಿಂಗಳು ಸ್ನಾಯುವನ್ನು ದುರ್ಬಲಗೊಳಿಸುತ್ತದೆ. ನೋವಿಗೆ ಅದರ ಪುರಾವೆ ಗಟ್ಟಿಯಾಗಿಲ್ಲ.

ತೆರೆದ ಶಸ್ತ್ರಚಿಕಿತ್ಸೆ, ಕೃತಕ ಕೀಲು ಇವು ಕೀಲು ಮೂಳೆಗೂಡಿ ಜಡವಾದಾಗ, ತೀವ್ರ ಸಂಧಿವಾತ, ಗಡ್ಡೆ ಇದ್ದಾಗ ನಿಜಕ್ಕೂ ಬೇಕಾಗುತ್ತವೆ. 1980ರ ದಶಕದಲ್ಲಿ ಡಿಸ್ಕ್ ತೆಗೆದು ಟೆಫ್ಲಾನ್ ಹಾಳೆ ಇಟ್ಟ ಎಷ್ಟೋ ಜನರಲ್ಲಿ ಅದು ಚೂರಾಗಿ ಸುತ್ತಲ ಮೂಳೆಯನ್ನೇ ತಿಂದುಹಾಕಿತು; ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌.ಡಿ.ಎ. ಅದನ್ನು 1990ರ ದಶಕದ ಆರಂಭದಲ್ಲಿ ಹಿಂತೆಗೆಸಿತು. ಮರಳಿ ಬದಲಿಸಲಾಗದ ಚಿಕಿತ್ಸೆಯನ್ನು ಯಾರೇ ಸೂಚಿಸಿದರೂ ಇನ್ನೊಬ್ಬ ತಜ್ಞರ ಅಭಿಪ್ರಾಯ ಪಡೆಯಿರಿ.

ದವಡೆ ನೋವಿರುವಾಗ ಹಲ್ಲಿನ ಚಿಕಿತ್ಸೆ ಮಾಡಿಸಿಕೊಳ್ಳಬಹುದೇ?

ಮಾಡಿಸಿಕೊಳ್ಳಬಹುದು. ಮೊದಲೇ ಹೇಳಿ: ಸಣ್ಣ ಸಣ್ಣ ಭೇಟಿ, ಹತ್ತು ನಿಮಿಷಕ್ಕೊಮ್ಮೆ ಬಾಯಿ ಮುಚ್ಚಲು ಬಿಡುವು, ಕಚ್ಚಿ ಹಿಡಿಯಲು ರಬ್ಬರ್ ಆಧಾರ. ಬೇರೆ ಶಸ್ತ್ರಚಿಕಿತ್ಸೆಗೆ ಅರಿವಳಿಕೆ ಕೊಡುವ ವೈದ್ಯರಿಗೂ ಬಾಯಿ ಎಷ್ಟು ತೆರೆಯುತ್ತದೆ, ಹಿಂದೆ ಲಾಕ್ ಆಗಿತ್ತೇ ಎಂದು ತಿಳಿಸಲೇಬೇಕು. ಉಸಿರಿನ ನಳಿಕೆ ಹಾಕುವ ಬಗೆ ಅದರ ಮೇಲೆ ನಿಂತಿದೆ.

ಮಕ್ಕಳಲ್ಲಿ ಈ ತೊಂದರೆ ಬಂದರೆ?

ಗದ್ದ ನೆಲಕ್ಕೆ ಬಡಿದು ಬಿದ್ದ ಮಗುವಿನ ಗದ್ದದ ಗಾಯಕ್ಕೆ ಹೊಲಿಗೆ ಹಾಕಿ ಕಳುಹಿಸಿದರೆ ಸಾಲದು, ಕಿವಿಯ ಮುಂದಿನ ಕೀಲನ್ನೂ ಪರೀಕ್ಷಿಸಬೇಕು. ಅಲ್ಲಿ ಮುರಿದು ಗಮನಕ್ಕೆ ಬಾರದೆ ಹೋದರೆ ಕೀಲು ಮೂಳೆಗೂಡಿ ಬಾಯಿ ಕ್ರಮೇಣ ಮುಚ್ಚಿಹೋಗಬಹುದು, ಆ ಕಡೆಯ ದವಡೆ ಬೆಳೆಯದೆ ಮುಖ ಓರೆಯಾಗಬಹುದು. ಮಕ್ಕಳ ಸಂಧಿವಾತ ದವಡೆಯಲ್ಲಿ ನೋವೇ ಇಲ್ಲದೆ ಇರಬಲ್ಲದು. ಗದ್ದ ಒಂದು ಕಡೆ ವಾಲುತ್ತಿದ್ದರೆ ತೋರಿಸಿ. ಚಿಕ್ಕ ಮಕ್ಕಳು ನಿದ್ದೆಯಲ್ಲಿ ಹಲ್ಲು ಕಡಿಯುವುದು ಮಾತ್ರ ಹೆಚ್ಚಾಗಿ ತಾನಾಗಿ ನಿಲ್ಲುತ್ತದೆ.

ಯಾರ ಬಳಿ ಹೋಗಬೇಕು, ಎಷ್ಟು ದಿನ ಕಾಯಬಹುದು?

ಮೊದಲು ದಂತವೈದ್ಯರು. ಲಾಕ್ ಬಿಡದಿದ್ದರೆ ಬಾಯಿ ಮತ್ತು ಮುಖದ ಶಸ್ತ್ರಚಿಕಿತ್ಸಕರು ಅಥವಾ ಓರಲ್ ಮೆಡಿಸಿನ್ ತಜ್ಞರು. ವ್ಯಾಯಾಮಕ್ಕೆ ದವಡೆಯ ಅನುಭವವಿರುವ ಫಿಸಿಯೋಥೆರಪಿಸ್ಟ್. ಸ್ನಾಯು ನೋವು ಮನೆಯ ಆರೈಕೆಯಲ್ಲಿ ಎರಡರಿಂದ ಆರು ವಾರಗಳಲ್ಲಿ ಇಳಿಮುಖವಾಗಬೇಕು. ಮುಚ್ಚಿದ ಲಾಕ್‌ಗೆ ತಜ್ಞರನ್ನು ಕಾಣಲು ಒಂದೆರಡು ವಾರಕ್ಕಿಂತ ಹೆಚ್ಚು ಕಾಯಬೇಡಿ.

ಹೋಗುವಾಗ ನೀವು ಬರೆದಿಟ್ಟ ಅಳತೆಗಳು, ಲಾಕ್ ಆದ ದಿನಾಂಕ, ಮೊದಲು ಸದ್ದಿತ್ತೇ, ಗದ್ದ ಯಾವ ಕಡೆ ವಾಲುತ್ತದೆ, ನೋವು ಬೆಳಗ್ಗೆಯೋ ಸಂಜೆಯೋ, ತೆಗೆದುಕೊಳ್ಳುತ್ತಿರುವ ಎಲ್ಲ ಔಷಧಗಳ ಹೆಸರು ಕೊಂಡೊಯ್ಯಿರಿ. ಮಧ್ಯೆ ಮಧ್ಯೆ ಸಿಕ್ಕಿಕೊಂಡು ತಾನಾಗಿ ಬಿಡುವ ದವಡೆಯಾದರೆ, ಸಿಕ್ಕಿಕೊಂಡ ಹೊತ್ತಿನಲ್ಲಿ ಬಾಯಿ ತೆರೆದು ಮುಚ್ಚುವುದನ್ನು ಎದುರಿನಿಂದ ಫೋನಿನಲ್ಲಿ ಚಿತ್ರೀಕರಿಸಿಕೊಳ್ಳಿ. ಕ್ಲಿನಿಕ್ ತಲುಪುವಷ್ಟರಲ್ಲಿ ಅದು ಬಿಟ್ಟಿರುವುದೇ ಹೆಚ್ಚು.